ಇಪ್ಪತ್ತರ ತನಕ

ಬಫಲೋ ನಗರದ ಹಳೆಯ ಬ್ಯಾಂಕಿನ ಕಮಾನಿನಡಿ
ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ
ಮರದ ಕೊಡತಿಯಿಂದ ಒಂದೊಂದೇ ಬಿಲ್ಲೆ ತಟ್ಟುತ್ತೇನೆ.
ಇದು ನನ್ನ ಕಸುಬು.
ಗಟ್ಟಿಯಿದ್ದದ್ದು ಟಕ್ ಅನ್ನುತ್ತದೆ,
ಹಿಡಿತ ಬಿಟ್ಟದ್ದು ಮಾಗಿದ ಕಲ್ಲಂಗಡಿಯ ಹಾಗೆ
ಡೊಬ್.
ಡೊಬ್ ಎಂದದ್ದಕ್ಕೆ ಸೀಮೆಸುಣ್ಣದ ಗೀಟು. ಮುಂದಿನದು.

ಇದನ್ನು ಕಟ್ಟಿದವರಲ್ಲಿ ನನ್ನಜ್ಜನಿದ್ದನೋ ಇಲ್ಲವೋ
ಕಡತ ಹೇಳುವುದಿಲ್ಲ.
ಕೂಲಿಪಟ್ಟಿಯಲ್ಲಿ ಇಷ್ಟೇ: ಸ್ಪೇನಿನವರು, ಹನ್ನೊಂದು ಆಳು.
ಕೇಳಿದ್ದರೆ ಟೊಪ್ಪಿ ನೆಲಕ್ಕೆ ಬಡಿಯುತ್ತಿದ್ದ.
ಎಲ್ಲಿಯ ಸ್ಪೇನು!
ಸದುರ್ನಿ ಕೊಲ್ದೆಫೋರ್ನ್ಸ್, ಕತಲಾನಿನವ,
ತೆರ್ರಾ ಆಲ್ತಾ ಸೀಮೆಯ ಗಾರೆಯವ.

ಆ ಕೆಲಸ ಹೀಗೆ.
ಕೆಳಗೆ ಊರುಗೋಲಿಲ್ಲ, ಮರದ ಅಚ್ಚಿಲ್ಲ.
ರೊಟ್ಟಿಯಷ್ಟು ತೆಳ್ಳನೆಯ ಸುಟ್ಟ ಬಿಲ್ಲೆ;
ಅಂಚಿಗೆ ಜಿಪ್ಸಂ ಮೆತ್ತಿ, ಬರಿಯ ಗಾಳಿಗೆ ಚಾಚಿ,
ಅಂಗೈಯಿಂದ ಒತ್ತಿ ಹಿಡಿದು ಎಣಿಸಬೇಕು.
ಇಪ್ಪತ್ತರ ತನಕ.
ಅಷ್ಟರಲ್ಲಿ ಪಕ್ಕದ್ದನ್ನು ಕಚ್ಚಿಕೊಂಡಿರುತ್ತದೆ,
ಆಮೇಲೆ ಕೈ ಬಿಡಬೇಕು.
ಹದಿನೆಂಟಕ್ಕೆ ಬಿಟ್ಟರೆ ನಿನ್ನ ತಲೆಯ ಮೇಲೆ,
ಇಪ್ಪತ್ತೆರಡಾದರೆ ಮೇಸ್ತ್ರಿಯ ಬೈಗುಳ.

ಕೈ ಬಿಡುವುದರಲ್ಲಿ ಅಜ್ಜ ಗಟ್ಟಿಗ.
ಬಾರ್ಸಿಲೋನಾದ ಹಡಗುಕಟ್ಟೆಯಲ್ಲಿ ರೆಮೆಯ್ ಎಂಬವಳ ಕೈ ಬಿಟ್ಟ.
ಎರಡು ವರ್ಷ ದುಡ್ಡು ಕಳಿಸಿದ.
ಮೂರನೆಯ ವರ್ಷ ನನ್ನಜ್ಜಿ ಸಿಕ್ಕಳು,
ಲಾಂಡ್ರಿಯ ಹಬೆಯಲ್ಲಿ ಕೆಂಪಾದ ಐರಿಷ್ ಹುಡುಗಿ.
ಮನೆಯಲ್ಲಿ ಯಾರೂ ಇದನ್ನು ಹೇಳಿದವರಲ್ಲ.
ಅವನು ಹೋದ ಮೇಲೆ
ಕೋಟಿನ ಅಸ್ತರಿನಿಂದ ಒಂದು ಮದುವೆ ಕಾಗದ ಹೇಳಿತು.

ನಮಗೆ ಅವನ ಮಾತು ಬರಲಿಲ್ಲ, ಅವನು ಕೊಡಲಿಲ್ಲ.
ಎಣಿಕೆಯೊಂದು ಬಂತು, ಅದೂ ಕೈತಪ್ಪಿ:
ಮೊಟ್ಟೆ ಬೇಯುವಾಗ, ಷೂ ಲೇಸು ಕಟ್ಟುವಾಗ,
ಜ್ವರದಲ್ಲಿ ನನ್ನ ಹಣೆಯನ್ನು
ಬಿಲ್ಲೆ ಒತ್ತಿದ ಹಾಗೇ ಒತ್ತಿ ಹಿಡಿದಾಗ,
ಉ, ದೋಸ್, ತ್ರೆಸ್, ಕ್ವಾತ್ರೆ.
ಹತ್ತಕ್ಕೆ ದೆವ್. ಬೆರಳಿಗೆ ಸುತ್ತಿಗೆ ಬಿದ್ದಾಗಲೂ
ಅದನ್ನೇ ಕೂಗುತ್ತಿದ್ದ;
ಎಣಿಕೆಯ ನಡುದಾರಿಯಲ್ಲಿ ದೇವರು ಕೂತಿದ್ದಾನೆ
ಅಂತ ಬಹಳ ದಿನ ನಂಬಿದ್ದೆ.
ಇಪ್ಪತ್ತಕ್ಕೆ ವಿಂತ್. ಕೈ ತೆಗೆಯುತ್ತಿದ್ದ.
ನಾನು ಬೀಳುತ್ತಿರಲಿಲ್ಲ.

ಮೊನ್ನೆ ಅಕ್ಟೋಬರಿನಲ್ಲಿ ಅವನ ಊರಿಗೆ ಹೋದೆ.
ದ್ರಾಕ್ಷಿ ಬೆಳೆಗಾರರ ಸಹಕಾರಿ ಉಗ್ರಾಣ, ಇಗರ್ಜಿಗಿಂತ ಎತ್ತರ;
ಹುಳಿ ಬಂದ ರಸದ ಗಮಲು, ಗೋಡೆಯಲ್ಲಿ
ಯಾವುದೋ ಬೇಸಗೆಯ ಗುಂಡಿನ ತೂತು, ತೂತಿನಲ್ಲಿ ಜೇನುಹುಳು.
ಮೂಲೆಯ ಕಮಾನು ಕುಸಿದಿತ್ತು.
ಏಣಿಯ ತುದಿಯಲ್ಲಿ ಎರ್ಮೆಂಗೋಲ್ ಎಂಬ ಮುದುಕ
ಬಿಲ್ಲೆ ಒತ್ತಿ ಹಿಡಿದು
ತುಟಿಯೊಳಗೇ ಎಣಿಸುತ್ತಿದ್ದ.
ಆರರಿಂದ ನಾನೂ ಸೇರಿಕೊಂಡೆ, ಕೆಳಗಿನಿಂದ, ಗಟ್ಟಿಯಾಗಿ.
ಕತ್ತು ತಿರುಗಿಸಿದ. ಕೈ ಅಲುಗಲಿಲ್ಲ.
ಸೆತ್, ವುಯ್ತ್, ನೊವ್,
ಇಬ್ಬರೂ ದೇವರನ್ನು ದಾಟಿದೆವು,
ವಿಂತ್.
ನಿಂತಿತು.

ಇಳಿದು ಬಂದವನು ಮಾತಾಡಿದ, ಮಾತಾಡಿದ;
ನನಗೆ ಒಂದಕ್ಷರ ಹತ್ತಲಿಲ್ಲ.
ಬೆರಳೆತ್ತಿ ಕೇಳಿದ: ಇಪ್ಪತ್ತಾದ ಮೇಲೆ?
ತಲೆಯಾಡಿಸಿದೆ. ನಮ್ಮಲ್ಲಿ ಅಷ್ಟೇ ಬಂದದ್ದು.
ನಕ್ಕ. ಟೊಮೆಟೊ ಉಜ್ಜಿದ ಬ್ರೆಡ್ಡು ಕೊಟ್ಟ,
ಎಣ್ಣೆ ಮುಂಗೈಗೆ ಇಳಿಯಿತು.
ಮಗುವಿಗೆ ಹೇಳುವ ಹಾಗೆ, ಎರಡು ಸಲ:
ವಿಂತ್-ಇ-ಉ.

ಸಂಜೆ ಸ್ಮಶಾನ.
ಅಲ್ಲಿ ಸತ್ತವರನ್ನು ಗೋಡೆಯ ಗೂಡುಗಳಲ್ಲಿಡುತ್ತಾರೆ.
ನಾಲ್ಕನೆಯ ಸಾಲಿನಲ್ಲಿ ರೆಮೆಯ್. ಹೆಸರಿನ ಕೆಳಗೆ,
ಸದುರ್ನಿಯ ಹೆಂಡತಿ, ಅಂತ ಕೆತ್ತಿದ್ದರು;
ಅವಳೇ ಹೇಳಿ ಕೆತ್ತಿಸಿದ್ದಂತೆ.
ಕಸುಬಿನ ಚಾಳಿ, ಬೆರಳಗೆಣ್ಣಿನಿಂದ ಕಲ್ಲು ತಟ್ಟಿದೆ.
ಡೊಬ್.
ಜೇಬಿನಲ್ಲಿ ಸೀಮೆಸುಣ್ಣವಿತ್ತು. ತೆಗೆಯಲಿಲ್ಲ.
ಅಂಗೈ ಇಟ್ಟು ಒತ್ತಿ ಹಿಡಿದೆ.
ಇಪ್ಪತ್ತಾಯಿತು.
ಇಪ್ಪತ್ತೊಂದೂ ಆಯಿತು.
ಆಮೇಲಿನದು ನನಗಿನ್ನೂ ಗೊತ್ತಿಲ್ಲ.